ಹೊಲವೇ ಎದ್ದು ಬೇಲಿಯನ್ನು ಮೇದರೆ?

ಬೇಲಿಯೇ ಎದ್ದು ಹೊಲವನ್ನು ಮೇದರೆ ಕಾಯುವವರಾರು ಎಂಬ ಗಾದೆಯು ನಮ್ಮ ನಾಡಿನಲ್ಲಿ ಬಹುಕಾಲದಿಂದಲೂ ರೂಢಿಯಲ್ಲಿರುವುದು. ಕಾಯಬೇಕಾದವರೇ ಕೆಡುಕಿಗೆ ಕೈಹಾಕಿದಾಗ ಜನರು ಈ ಮಾತನ್ನು ನೆನೆಯುತ್ತಾರೆ. ಆದರೆ ಇಂದು ನಮ್ಮ ಹಳ್ಳಿಗಳ ಸುತ್ತಮುತ್ತ ನಡೆಯುತ್ತಿರುವುದು ಇದಕ್ಕೆ ತಿರುವುಮುರುವಾದ ಸಂಗತಿ. ಹೊಲವೇ ಎದ್ದು ಬೇಲಿಯನ್ನು ಮೇಯುತ್ತಿದೆ. ಬೇಲಿ, ಬದು, ಹಳ್ಳದ ದಂಡೆ, ಕೆರೆಯ ಅಂಚು, ಗೋಮಾಳ, ಗುಂಡುತೋಪು ಇವೆಲ್ಲವೂ ವರ್ಷದಿಂದ ವರ್ಷಕ್ಕೆ ನೇಗಿಲಿನ ಬಾಯಿಗೆ ಬೀಳುತ್ತಿವೆ. ಇದರಿಂದ ಒಕ್ಕಲಿಗನು ನಾಲ್ಕು ಸಾಲು ಹೆಚ್ಚು ಬಿತ್ತಿದ್ದೇನೆಂದು ತಿಳಿಯುತ್ತಾನೆ. ಆದರೆ ಆ ನಾಲ್ಕು ಸಾಲಿಗಾಗಿ ಎಷ್ಟು ಮಂದಿ ಕಾವಲುಗಾರರನ್ನು ಕಳೆದುಕೊಂಡೆನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಲೆಕ್ಕವನ್ನು ವಾಚಕರ ಮುಂದಿಡುವುದೇ ನಮ್ಮ ಇಂದಿನ ಉದ್ದೇಶ.

ಮೊದಲು, ಆಗುತ್ತಿರುವುದೇನೆಂಬುದನ್ನು ನೋಡೋಣ. ಲಕ್ಕಿ, ಕಳ್ಳಿ, ಕತ್ತಾಳೆ, ತಂಗಡಿ, ಹೊಂಗೆಗಳ ಜೀವಂತ ಬೇಲಿಯಿದ್ದ ಕಡೆಗಳಲ್ಲಿ ಈಗ ಕಲ್ಲಿನ ಕಂಬಗಳೂ ಮುಳ್ಳುತಂತಿಯೂ ನಿಂತಿವೆ. ಕುಡುಗೋಲಿನಿಂದ ಹುಲ್ಲು ಕೊಯ್ದು ದನಕ್ಕೆ ಹಾಕುತ್ತಿದ್ದ ಬದುವಿನ ಮೇಲೆ ಕಳೆನಾಶಕದ ಸಿಂಪಡಣೆ ನಡೆಯುತ್ತಿದೆ. ಟ್ರ್ಯಾಕ್ಟರು ತಿರುಗಲು ಅಡ್ಡಿಯೆಂದು ಮರಗಳು ಉರುಳುತ್ತಿವೆ. ಇದನ್ನು ಬರಿಯ ದುರಾಶೆಯೆಂದು ಜರೆಯಲು ನಾವು ಸಿದ್ಧರಿಲ್ಲ. ಹಿಡುವಳಿಗಳು ತಲೆಮಾರಿನಿಂದ ತಲೆಮಾರಿಗೆ ಹೋಳಾಗುತ್ತ ಬಂದಿವೆ. ಅರ್ಧ ಎಕರೆಯ ಒಡೆಯನಿಗೆ ಒಂದು ಮೊಳ ನೆಲವೂ ದೊಡ್ಡದೇ. ಹುಲ್ಲು ಕೊಯ್ಯಲು ಆಳು ಸಿಗದ ಕಾಲವಿದು. ಆದರೆ ಬೀಳೆಂದು ಕಾಣುವ ಆ ಅಂಚು ನಿಜವಾಗಿಯೂ ಬೀಳೇ? ಅಲ್ಲಿ ಏನೂ ಬೆಳೆಯುವುದಿಲ್ಲವೇ? ಪ್ರಶ್ನೆಯಿರುವುದು ಇಲ್ಲಿ.

ಹೊಲದಲ್ಲಿ ಕಾಣುವ ಹುಳುಗಳೆಲ್ಲವೂ ಬೆಳೆಯ ವೈರಿಗಳೆಂದು ಎಣಿಸುವುದು ದೊಡ್ಡ ತಪ್ಪು. ಅವುಗಳಲ್ಲಿ ವೈರಿಯನ್ನು ತಿನ್ನುವ ಬಂಟರುಂಟು, ಹೂವನ್ನು ಕಾಯಾಗಿಸುವ ಹಿತೈಷಿಗಳುಂಟು. ಗುಲಗಂಜಿ ಹುಳುವೂ ಅದರ ಮರಿಯೂ ಸಸ್ಯಹೇನುಗಳನ್ನು ತಿಂದು ಬದುಕುವುವು. ಜೇನಿನ ವೇಷ ಧರಿಸಿ, ಹೂವಿನ ಮುಂದೆ ಗಾಳಿಯಲ್ಲಿ ನಿಂತಂತೆ ಹಾರುವ ಒಂದು ಬಗೆಯ ನೊಣವುಂಟು. ಅದರ ಮರಿಹುಳುವಿಗೆ ಕಾಲಿಲ್ಲ. ಆದರೂ ಎಲೆಯ ಮೇಲೆ ತೆವಳುತ್ತ ಹೇನುಗಳನ್ನು ಒಂದೊಂದಾಗಿ ಹಿಡಿದು ಹೀರಿ ಬರಿದು ಮಾಡುವುದು. ಟ್ರೈಕೋಗ್ರಾಮವೆಂಬ ಕಣಜವಾದರೋ ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಅದು ಪತಂಗದ ತತ್ತಿಯೊಳಗೆ ತನ್ನ ತತ್ತಿಯನ್ನಿಡುವುದು. ಕಂಬಳಿಹುಳು ಹೊರಬರಬೇಕಾದ ಕಡೆಯಿಂದ ಕಣಜವೇ ಹೊರಬರುವುದು. ಕಾಯಿಕೊರಕವು ಹುಟ್ಟುವ ಮೊದಲೇ ಸಾಯುವ ಈ ಯುದ್ಧವು ರೈತನ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಈ ಬಂಟರ ಊಟ ವಸತಿಗಳ ವಿಚಾರ. ಆ ನೊಣದ ಮರಿಯು ಹೇನನ್ನು ತಿಂದರೂ ತಾಯಿಗೆ ಪರಾಗ ಮಕರಂದಗಳೇ ಆಹಾರ. ಕಣಜಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಮಕರಂದ ಸಿಕ್ಕದಿದ್ದರೆ ಅವುಗಳ ಆಯುಸ್ಸು ಕುಗ್ಗುವುದು, ಇಡುವ ತತ್ತಿಗಳೂ ಕಡಿಮೆಯಾಗುವುವು. ಬರಿಯ ಜೋಳ, ಬರಿಯ ಭತ್ತ, ಬರಿಯ ಕಬ್ಬು ಇರುವ ಬಯಲಿನಲ್ಲಿ ಇವಕ್ಕೆ ಮಕರಂದವೆಲ್ಲಿಂದ ಬರಬೇಕು? ಬದುವಿನ ತುಂಬೆ, ಬೇಲಿಯ ಲಕ್ಕಿ ತಂಗಡಿಗಳು, ದಾರಿಬದಿಯ ಹೊಂಗೆ, ಇವೇ ಅವುಗಳ ಛತ್ರಗಳು. ಹರಳು, ಅಲಸಂದೆ, ಹತ್ತಿ ಮೊದಲಾದ ಗಿಡಗಳು ಹೂವಿನಿಂದಲ್ಲದೆ ಎಲೆಯ ತೊಟ್ಟು ಮುಂತಾದ ಕಡೆಗಳಿಂದಲೂ ಸಿಹಿರಸವನ್ನು ಜಿನುಗಿಸುವುವು. ಹೊಲದಂಚಿಗೆ ಹರಳು ಹಾಕುವ ಪದ್ಧತಿಯಿಂದ ಎಣ್ಣೆ ಮಾತ್ರವಲ್ಲ, ಈ ಲಾಭವೂ ಇದ್ದಿತು. ವಸತಿಯ ವಿಷಯದಲ್ಲಿಯೂ ಹೀಗೆಯೇ. ನೆಲದಲ್ಲಿ ಗೂಡು ತೋಡುವ ಒಂಟಿ ಜೇನುಗಳಿಗೆ ನೇಗಿಲು ಮುಟ್ಟದ ಮಣ್ಣು ಬೇಕು. ಕರಿಯ ದುಂಬಿಗೆ ಒಣಮರದ ಕೊಂಬೆ ಬೇಕು. ಹುಡುಗರು ಬಾಲಕ್ಕೆ ದಾರ ಕಟ್ಟಿ ಆಡಿಸುವ ಏರೋಪ್ಲೇನ್ ಚಿಟ್ಟೆಯ ಮರಿಗಳಿಗೆ ಕೆರೆ ಹೊಂಡಗಳ ನೀರು ಬೇಕು. ಬೆಳೆಯು ಮೂರು ತಿಂಗಳ ನೆಂಟ. ಕೊಯ್ಲಾದ ಮೇಲೆ, ಬಿಸಿಲು ಕಾಯುವ ಹೊಲದಲ್ಲಿ ಏನೂ ಉಳಿಯದಿರುವಾಗ, ಈ ಜೀವಿಗಳು ಬದುಕಿ ಉಳಿಯುವುದು ಅಂಚಿನಲ್ಲಿಯೇ. ಮುಂದಿನ ಮಳೆಗೆ ಬೀಜ ಮೊಳೆತಾಗ ಅಲ್ಲಿಂದಲೇ ಅವು ಹೊಲಕ್ಕೆ ಇಳಿಯಬೇಕು.

ಈ ಬಂಟರ ಬಲವೇನೆಂಬುದನ್ನು ನಮ್ಮ ಕಬ್ಬಿನ ಸೀಮೆಯು ಕಣ್ಣಾರೆ ಕಂಡಿದೆ. 2002ರಲ್ಲಿ ಮಹಾರಾಷ್ಟ್ರದ ಸಾಂಗಲಿ ಪ್ರಾಂತದಲ್ಲಿ ಕಾಣಿಸಿಕೊಂಡ ಬಿಳಿಯ ಉಣ್ಣೆ ಹೇನು ಬಲುಬೇಗನೆ ಬೆಳಗಾವಿ, ಬಾಗಲಕೋಟೆಗಳ ಕಬ್ಬಿಗೂ ಹಬ್ಬಿತು. ಎಲೆಯ ಕೆಳಮೈಯೆಲ್ಲ ಹತ್ತಿ ಮೆತ್ತಿದಂತೆ ಬೆಳ್ಳಗಾಯಿತು. ಹೇನಿನ ಅಂಟುರಸ ಸುರಿದ ಎಲೆಗಳ ಮೇಲೆ ಕರಿಯ ಬೂಷ್ಟು ಬೆಳೆಯಿತು. ಆಳೆತ್ತರವನ್ನು ಮೀರಿ ಬೆಳೆದ ಕಬ್ಬಿನೊಳಗೆ ಹೊಕ್ಕು ಔಷಧ ಹೊಡೆಯುವುದು ದುಸ್ಸಾಧ್ಯ. ಹೊಡೆದರೂ ಫಲ ಅಲ್ಪ. ಆಗ ನೆರವಿಗೆ ಬಂದವು ಎರಡು ಸಣ್ಣ ಜೀವಿಗಳು. ಒಂದು, ಡೈಫಾ ಎಂಬ ಪತಂಗ. ಅದರ ಮರಿಹುಳು ಹೇನುಗಳ ಗುಂಪಿನ ನಡುವೆಯೇ ರೇಷ್ಮೆಯ ಬಲೆ ನೆಯ್ದುಕೊಂಡು ಅವನ್ನು ತಿನ್ನುವುದು. ಇನ್ನೊಂದು, ಮೈಕ್ರೋಮಸ್ ಎಂಬ ಕಂದುಬಣ್ಣದ ಜಾಲರೆಕ್ಕೆಯ ಕೀಟ. ಇವು ಇರುವ ಹೊಲದಲ್ಲಿ ವಿಷ ಸಿಂಪಡಿಸಬೇಡಿರೆಂದು ವಿಜ್ಞಾನಿಗಳು ಸಾರಿದರು; ಇವುಗಳಿದ್ದ ಎಲೆಗಳನ್ನು ಕತ್ತರಿಸಿ ಇಲ್ಲದ ಹೊಲಗಳಿಗೆ ಒಯ್ದು ಕಟ್ಟಿಸಿದರು. ಎನ್ಕಾರ್ಸಿಯ ಎಂಬ ಕಣಜವೂ ಮುಂದೆ ಈ ಕೆಲಸದಲ್ಲಿ ಕೈಗೂಡಿಸಿತು. ಕೆಲವೇ ವರ್ಷಗಳಲ್ಲಿ ಪಿಡುಗಿನ ಸೊಕ್ಕು ಇಳಿಯಿತು. ಮೈಕ್ರೋಮಸ್ ಬೇರೆ ಬೇರೆ ಗಿಡಗಳ ಹೇನುಗಳನ್ನು ತಿಂದು ಬದುಕಬಲ್ಲ ಜೀವಿ. ಹಿಂದಿನ ದಿನಗಳಲ್ಲಿ ಅದಕ್ಕೆ ಎಲ್ಲಿಯೋ ಆಸರೆ ದೊರೆತಿದ್ದುದರಿಂದಲೇ ಕಷ್ಟದ ದಿನ ಅದು ಒದಗಿತೆಂಬುದನ್ನು ಮರೆಯಬಾರದು.

ವಿಷವನ್ನೇ ನಂಬಿದವರು ಏನಾದರೆಂಬುದಕ್ಕೆ ಇಂಡೊನೇಷ್ಯದ ಉದಾಹರಣೆ ಸಾಕು. ಅಲ್ಲಿ ಸಿಂಪಡಣೆ ಹೆಚ್ಚಿದಷ್ಟೂ ಭತ್ತದ ಕಂದು ಜಿಗಿಹುಳು ಹೆಚ್ಚಿತು. ಏಕೆಂದರೆ ಔಷಧವು ಜಿಗಿಹುಳುವಿಗಿಂತ ಮೊದಲು ಅದನ್ನು ತಿನ್ನುವ ಜೇಡ ಮತ್ತು ತಿಗಣೆಗಳನ್ನು ಕೊಂದಿತು. 1986ರಲ್ಲಿ ಆ ದೇಶದ ಸರಕಾರವು ಭತ್ತದ ಮೇಲೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಬೇಕಾಯಿತು. ವೈರಿಯು ಬೇಗನೆ ಮರಿ ಹಾಕುತ್ತದೆ. ವೈರಿಯನ್ನು ತಿಂದು ಬದುಕಬೇಕಾದ ಮಿತ್ರನು ತಡವಾಗಿ ಹೆಚ್ಚುತ್ತಾನೆ. ನಡುವಿನ ಅವಧಿಯಲ್ಲಿ ರೈತನು ಎರಡನೆಯ ಡಬ್ಬಿಗಾಗಿ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಸಾಲದ ಸರಪಳಿಯ ಒಂದು ಕೊಂಡಿ ಇಲ್ಲಿಯೂ ಇದೆ.

ಹೂವನ್ನು ಕಾಯಾಗಿಸುವವರ ಕಡೆಗೆ ಈಗ ತಿರುಗೋಣ. ಕೊಡಗಿನ ರೊಬಸ್ಟಾ ಕಾಫಿಯ ಗಿಡಕ್ಕೆ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಶಕ್ತಿಯಿಲ್ಲ. ಬೇರೆ ಗಿಡದ ಪರಾಗವು ಬರಬೇಕು. ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಒಮ್ಮೆಗೇ ಬೆಳ್ಳಗೆ ಅರಳಿ ಕೆಲವೇ ದಿನಗಳಲ್ಲಿ ಬಾಡುವುದು. ಆ ಕೆಲವು ದಿನಗಳಲ್ಲಿ ವರ್ಷದ ಫಸಲು ನಿರ್ಧಾರವಾಗುವುದು. ಗಾಳಿಯ ಪಾಲೂ ಇದೆ; ಆದರೆ ಕೀಟಗಳಲ್ಲಿ ಹೆಜ್ಜೇನಿನದೇ ಮೇಲುಗೈಯೆಂದು ಅಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿಟ್ಟು ಸಾಕಲಾಗದು. ಅದು ಎತ್ತರದ ಮರದ ಕೊಂಬೆಗೆ ಹಲ್ಲೆ ಕಟ್ಟುವುದು, ಋತುವಿಗನುಸಾರವಾಗಿ ವಲಸೆ ಹೋಗುವುದು. ಕೊಡಗಿನ ಸಾವಿರಕ್ಕೂ ಹೆಚ್ಚು ದೇವರಕಾಡುಗಳು, ತೋಟದೊಳಗಿನ ಹಳೆಯ ಹೆಮ್ಮರಗಳು ಉಳಿದಿದ್ದರೆ ಹೆಜ್ಜೇನು ಉಳಿದೀತು. ದೇವರಿಗೆಂದು ಬಿಟ್ಟ ಕಾಡು ಕಾಫಿಯ ಬೆಳೆಗಾರನಿಗೂ ವರ ಕೊಡುತ್ತಿರುವುದು. ಬಯಲುಸೀಮೆಯ ಬದನೆಯ ಹೂವಿನದು ಇನ್ನೊಂದು ಚೋದ್ಯ. ಅದರ ಪರಾಗವು ಸಣ್ಣ ರಂಧ್ರವುಳ್ಳ ಚೀಲದೊಳಗೆ ಅಡಗಿದೆ. ದುಂಬಿಯಂತಹ ಕೀಟವು ಹೂವನ್ನು ಹಿಡಿದು ಝೇಂಕರಿಸಿ ನಡುಗಿಸಿದರೇ ಅದು ಚೆನ್ನಾಗಿ ಉದುರುವುದು. ಸಾಕಿದ ಜೇನಿಗೆ ಈ ವಿದ್ಯೆ ಬಾರದು.

ದೂರದ ಮಾತೂ ಮುಖ್ಯ. ಲೋಕದ ನಾನಾ ದೇಶಗಳ 29 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕವೊಂದುಂಟು. ಕಾಡು ಕುರುಚಲುಗಳ ಅಂಚಿನಿಂದ ಒಂದು ಕಿಲೋಮೀಟರ್ ದೂರದ ಹೊಲದಲ್ಲಿ, ಹೂವಿಗೆ ಬರುವ ಕೀಟಗಳ ಜಾತಿಗಳು ಸರಾಸರಿ ಶೇಕಡ 34ರಷ್ಟೂ, ಸಾಕುಜೇನನ್ನು ಬಿಟ್ಟು ಉಳಿದ ಕೀಟಗಳ ಭೇಟಿಗಳು ಶೇಕಡ 27ರಷ್ಟೂ, ಕಾಯಿಕಟ್ಟುವಿಕೆ ಶೇಕಡ 16ರಷ್ಟೂ ಕಡಿಮೆಯಾಗಿದ್ದವು. ಸಾಕುಜೇನಿನ ಭೇಟಿ ಕುಗ್ಗದಿದ್ದರೂ ಕಾಯಿ ಕುಗ್ಗಿತೆಂಬುದು ಗಮನಿಸತಕ್ಕ ಅಂಶ. ಹತ್ತು ಜನರ ಕೆಲಸವನ್ನು ಒಬ್ಬನ ತಲೆಗೆ ಕಟ್ಟಿದರೆ ಸಾಗದು.

ಇದೆಲ್ಲ ಕಾಡುಳ್ಳ ಸೀಮೆಗೆ ಸರಿ, ಬಯಲಿನವರು ಏನು ಮಾಡಬೇಕೆಂದು ಕೇಳುವವರುಂಟು. ಅವರಿಗೆ ಭತ್ತದ ಗದ್ದೆಯೇ ಉತ್ತರ ಹೇಳುತ್ತದೆ. ಚೀನ, ಥಾಯ್ಲೆಂಡ್, ವಿಯೆಟ್ನಾಂ ದೇಶಗಳಲ್ಲಿ ನಾಲ್ಕು ವರ್ಷ ನಡೆದ ಪ್ರಯೋಗವೊಂದರ ಫಲವು 2016ರಲ್ಲಿ ಪ್ರಕಟವಾಯಿತು. ಗದ್ದೆಯ ಬದುಗಳ ಮೇಲೆ ಎಳ್ಳು ಮುಂತಾದ ಹೂಗಿಡಗಳನ್ನು ಬೆಳೆಸಿದಾಗ ಕೀಟನಾಶಕದ ಬಳಕೆ ಶೇಕಡ 70ರಷ್ಟು ತಗ್ಗಿತು. ಇಳುವರಿಯು ತಗ್ಗುವುದಿರಲಿ, ಶೇಕಡ 5ರಷ್ಟು ಹೆಚ್ಚಿತು. ಎಳ್ಳು ನಮಗೇನು ಹೊಸದೇ? ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಹರಳುಗಳ ಅಕ್ಕಡಿ ಸಾಲು ಹಾಕುತ್ತಿದ್ದವರು ನಮ್ಮ ಹಿರಿಯರೇ. ಕಡಲೆಯ ನಡುವೆ ಕೊತ್ತಂಬರಿ ಬಿತ್ತಿದರೆ ಅದರ ಹೂವಿಗೆ ಬರುವ ಕಣಜವು ಕಾಯಿಕೊರಕದ ಎಳೆಯ ಮರಿಗಳನ್ನು ಹುಡುಕಿ ಅವುಗಳಲ್ಲಿ ತತ್ತಿಯಿಡುವುದೆಂದು ವಿಜ್ಞಾನಿಗಳು ಹೇಳುತ್ತಾರೆ. ಹಳೆಯದೆಲ್ಲವೂ ಒಳ್ಳೆಯದೆಂಬ ವಾದ ನಮ್ಮದಲ್ಲ; ಪರೀಕ್ಷೆಯಲ್ಲಿ ಗೆದ್ದ ಹಳೆಯದನ್ನು ಹಳತೆಂಬ ಕಾರಣಕ್ಕಾಗಿ ಬಿಡಬಾರದೆಂಬುದಷ್ಟೇ ನಮ್ಮ ವಾದ.

ಆಕ್ಷೇಪಗಳಿಲ್ಲವೆಂದಲ್ಲ. ಬೇಲಿಯ ಗಿಡಗಳಲ್ಲಿ ವೈರಿಗಳೂ ಅಡಗುವುವಲ್ಲವೇ ಎಂದರೆ, ಹೌದು, ಅಡಗುವುವು. ಇಲಿ ಹೆಗ್ಗಣಗಳಿಗೂ ಅಲ್ಲಿ ಆಸರೆಯುಂಟು. ದೊಡ್ಡ ಮರದ ನೆರಳಿನಲ್ಲಿ ಪೈರು ಸೊರಗುವುದೂ ನಿಜ. ಜಗತ್ತಿನ 132 ಅಧ್ಯಯನಗಳನ್ನು 2018ರಲ್ಲಿ ಪರಿಶೀಲಿಸಿದಾಗ, ಸುತ್ತಣ ಕಾಡುಮೇಡುಗಳಿಂದ ಕೆಲವೆಡೆ ಕೀಟಬಾಧೆ ಇಳಿದಿತ್ತು, ಕೆಲವೆಡೆ ಇಳಿದಿರಲಿಲ್ಲ. ಆದುದರಿಂದ ಯಾವ ಗಿಡ ಬೆಳೆದರೂ ಸರಿಯೆಂದು ಕೈಕಟ್ಟಿ ಕೂರುವಂತಿಲ್ಲ. ಕಾಂಗ್ರೆಸ್ ಹುಲ್ಲೂ ಲಂಟಾನವೂ ಆವರಿಸಿದ ಬದುವನ್ನು ಸಂರಕ್ಷಿಸಿರೆಂದು ನಾವು ಹೇಳುತ್ತಿಲ್ಲ. ಬೇಲಿಯೂ ಬೇಸಾಯದ ಒಂದು ಭಾಗ. ಅದಕ್ಕೂ ಆಯ್ಕೆ ಬೇಕು, ಸವರುವಿಕೆ ಬೇಕು, ಆರೈಕೆ ಬೇಕು. ಆರೈಕೆ ಕಷ್ಟವೆಂದು ಸುಟ್ಟುಹಾಕುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಕರ್ತವ್ಯವೇನು? ರೈತರು ಬದುವಿಗೆ ಕಳೆನಾಶಕ ಸಿಂಪಡಿಸುವುದನ್ನು ಬಿಡಲಿ. ಹುಲ್ಲನ್ನು ಒಮ್ಮೆಗೇ ಸವರದೆ ಭಾಗ ಭಾಗವಾಗಿ ಕೊಯ್ಯಲಿ. ಒಂದಾದ ಮೇಲೊಂದು ಹೂ ಬಿಡುವ ನಾಲ್ಕಾರು ಗಿಡಗಳನ್ನು ಅಂಚಿನಲ್ಲಿ ಉಳಿಸಲಿ. ಬೆಳೆ ಹೂವಾಡುವಾಗ ವಿಷದ ಡಬ್ಬಿಯನ್ನು ದೂರವಿಡಲಿ. ಆದರೆ ಗೋಮಾಳ, ಕೆರೆಯಂಚು, ಗುಂಡುತೋಪುಗಳು ಒಬ್ಬ ರೈತನಿಂದ ಉಳಿಯುವಂತಹವಲ್ಲ. ಗ್ರಾಮಗಳ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವು ಮಾಡಿಸಲು ಯೋಜನೆ ರೂಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಎಲ್ಲ ರಾಜ್ಯ ಸರಕಾರಗಳಿಗೆ ಆಜ್ಞಾಪಿಸಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯತಿಗಳಲ್ಲಿ ಜೀವವೈವಿಧ್ಯ ಸಮಿತಿಗಳಿರಬೇಕು. ಈ ಸಮಿತಿಗಳು ಕಾಗದದಿಂದೆದ್ದು ಗೋಮಾಳಕ್ಕೆ ನಡೆದು ಬರಬೇಕು.

ಜ್ಞಾನಕ್ಕೆ ನಮ್ಮಲ್ಲಿ ಬಡತನವಿಲ್ಲ. 1908ರಲ್ಲಿಯೇ ಮೈಸೂರು ಸಂಸ್ಥಾನವು ಲೆಸ್ಲಿ ಕೋಲ್ಮನ್ ಅವರನ್ನು ಬೆಳೆಯ ಕೀಟ ಮತ್ತು ರೋಗಗಳ ತಜ್ಞರನ್ನಾಗಿ ನೇಮಿಸಿಕೊಂಡಿತ್ತು. ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಕೃಷಿ ವಿಶ್ವವಿದ್ಯಾಲಯಗಳು ಅನೇಕವಿವೆ. ಆದರೂ ಎಷ್ಟೋ ಹಳ್ಳಿಗಳಲ್ಲಿ ಹುಳು ಬಿದ್ದ ಎಲೆಯನ್ನು ಹಿಡಿದು ರೈತನು ಹೋಗುವುದು ಔಷಧದ ಅಂಗಡಿಗೇ. ಅಲ್ಲಿ ಅವನಿಗೆ ದೊರೆಯುವ ಉಪದೇಶ ಡಬ್ಬಿಯ ರೂಪದಲ್ಲಿರುತ್ತದೆ. ಮಿತ್ರಕೀಟ ಯಾವುದು, ಶತ್ರುಕೀಟ ಯಾವುದು ಎಂಬ ತಿಳಿವಳಿಕೆಯನ್ನು ಹೊಲದ ಬದುವಿನ ಮೇಲೆ ನಿಂತು ಹೇಳಿಕೊಡುವ ಹೊಣೆ ಕೃಷಿ ಇಲಾಖೆಯದು.

ಕಾವಲುಗಾರನಿಗೆ ಕೂಲಿ ಕೊಡಬೇಕಾದುದು ನ್ಯಾಯ. ಈ ಕಾವಲುಗಾರರು ಕೇಳುವ ಕೂಲಿ ಒಂದು ಮೊಳ ನೆಲ, ನಾಲ್ಕು ಹೂವು. ಅದನ್ನೂ ಕಸಿದುಕೊಂಡ ಮೇಲೆ, ಹೊಲ ಹಾಳಾಯಿತೆಂದು ಯಾರಲ್ಲಿ ದೂರು ಹೇಳೋಣ?