ಬರ್ಗರನ ಪ್ರಬಂಧವೂ ಬೀಡಿಯ ಲೆಕ್ಕವೂ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಳ್ಳಿಮನೆಗಳ ಜಗಲಿಯಲ್ಲಿ, ಮಡಿಲಲ್ಲಿ ಮೊರವನ್ನಿಟ್ಟುಕೊಂಡು ಬೀಡಿ ಸುತ್ತುವ ಹೆಂಗಸರನ್ನು ನಾವೆಲ್ಲರೂ ಕಂಡವರೇ. ಈ ಕಸಬು ಇಂದು ಹಿಂದಿನಷ್ಟು ಹಬ್ಬಿಲ್ಲ; ಆದರೂ ಎಷ್ಟೋ ಸಂಸಾರಗಳು ಇದರಿಂದಲೇ ದಡ ಸೇರಿದುವು. ಸುತ್ತಿದ ಕಟ್ಟುಗಳನ್ನು ಬ್ರಾಂಚಿಗೆ ಒಯ್ದರೆ ಅಲ್ಲಿ ಎಣಿಕೆ. ಸರಿಯಿಲ್ಲದುವನ್ನು ಬದಿಗಿಟ್ಟು, ಉಳಿದುದಕ್ಕೆ ಸಾವಿರಕ್ಕೆ ಇಂತಿಷ್ಟೆಂದು ಮಜೂರಿ.

ವಿಜ್ಞಾನಿಯ ದುಡಿಮೆಯನ್ನೂ ಇಂದು ಹೀಗೆಯೇ ಎಣಿಸುತ್ತಾರೆ. ಆತನ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂಬುದೇ ಆ ಲೆಕ್ಕ. ಅದು ಎಷ್ಟು ನಂಬಿಕೆಗೆ ಅರ್ಹವೆಂಬುದನ್ನು ನೋಡಲು, ಬೀಡಿಗೂ ರಕ್ತನಾಳಗಳ ವೈದ್ಯಕ್ಕೂ ನಂಟು ಕಲ್ಪಿಸುವ ಒಬ್ಬ ಸಂಶೋಧಕನನ್ನು ಆರಿಸಿಕೊಳ್ಳೋಣ.

ಲಿಯೋ ಬರ್ಗರ್ 1879ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ಅಮೆರಿಕ ಸೇರಿ, ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಕೆಲಸಮಾಡಿದನು. ಕೊಳೆತುದರಿಂದ ಶಸ್ತ್ರವೈದ್ಯರು ಕತ್ತರಿಸಿದ ಹನ್ನೊಂದು ಅವಯವಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ 1908ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ರೋಗಿಗಳು ಮುದುಕರಲ್ಲ. ಮುಪ್ಪಿನಲ್ಲಿ ಧಮನಿಗಳ ಗೋಡೆಗೆ ಜಿಡ್ಡು ಕಟ್ಟುವ ರೋಗವೂ ಇದಲ್ಲ. ಕೈಕಾಲುಗಳ ಸಣ್ಣ ಮತ್ತು ನಡುಗಾತ್ರದ ಧಮನಿ, ಸಿರೆಗಳೆರಡೂ ಉರಿಯೂತಕ್ಕೆ ಒಳಗಾಗಿ, ಜೀವಕೋಶಗಳಿಂದ ಇಡಿಕಿರಿದ ರಕ್ತದ ಗರಣೆ ಅವುಗಳ ದಾರಿಯನ್ನು ಮುಚ್ಚಿತ್ತು. ಅದರಾಚೆಗಿನ ಬೆರಳು ತಣ್ಣಗಾಗುತ್ತದೆ, ನೀಲಿಗಟ್ಟುತ್ತದೆ, ಹುಣ್ಣಾಗುತ್ತದೆ, ಕೊನೆಗೆ ಕಪ್ಪಾಗಿ ಸಾಯುತ್ತದೆ. ಇದೇ 'ಬರ್ಗರನ ರೋಗ'.

ಸೋಜಿಗವೆಂದರೆ, ಬರ್ಗರ್ ಹುಟ್ಟಿದ ವರ್ಷದಲ್ಲಿಯೇ ಫೆಲಿಕ್ಸ್ ಫಾನ್ ವಿನಿವಾರ್ಟರ್ ಎಂಬ ಶಸ್ತ್ರವೈದ್ಯನು ಇಂಥದೇ ಒಬ್ಬ ರೋಗಿಯ ಕಾಲನ್ನು ಜರ್ಮನ್ ಭಾಷೆಯಲ್ಲಿ ವರ್ಣಿಸಿದ್ದನು. ಹೆಸರು ನಿಂತುದು ಮಾತ್ರ ಬರ್ಗರನದು. ಒಂದು ಕಾಲಿಗಿಂತ ಹನ್ನೊಂದು ಅವಯವಗಳ ಸಾಕ್ಷ್ಯ ಗಟ್ಟಿಯೆಂಬುದನ್ನು ನಾವು ಒಪ್ಪಲೇಬೇಕು.

ಇನ್ನು ಎಣಿಕೆಯ ಮಾತು. 1960ರಲ್ಲಿ ವೆಸ್ಲರ್ ಮತ್ತು ಸಂಗಡಿಗರು, ಬರ್ಗರನ ರೋಗವೆಂಬ ಪ್ರತ್ಯೇಕ ರೋಗವೇ ಇಲ್ಲವೆಂದು ವಾದ ಹೂಡಿದರು. 1962ರಲ್ಲಿ ಮೆಕ್‌ಕ್ಯುಸಿಕ್ ಮತ್ತು ಸಂಗಡಿಗರು ಇದೆಯೆಂದು ಉತ್ತರವಿತ್ತರು. ಇಂಥ ವಾದದಲ್ಲಿ ಖಂಡಿಸುವವನ ಉಲ್ಲೇಖವೂ ಒಂದು, ಮಂಡಿಸುವವನದೂ ಒಂದು. ಬ್ರಾಂಚಿನಲ್ಲಿರುವಂತೆ ಸರಿಯಿಲ್ಲದುದನ್ನು ಬದಿಗಿಡುವ ಕೈ ಇಲ್ಲಿಲ್ಲ! ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ ತನ್ನ ವಿಜ್ಞಾನ ಉಲ್ಲೇಖ ಸೂಚಿಯನ್ನು ಹೊರತಂದುದು 1964ರಲ್ಲಿ. ಬರ್ಗರ್ ತೀರಿಕೊಂಡು ಆಗಲೇ 21 ವರ್ಷಗಳಾಗಿದ್ದುವು.

2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ 'ಎಚ್ ಸೂಚಿ'ಯನ್ನು ಕಂಡುಹಿಡಿದನು. ಒಬ್ಬನ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖಗಳಿದ್ದು, ಹನ್ನೊಂದಕ್ಕೆ ತಲಾ ಹನ್ನೊಂದು ಇಲ್ಲದಿದ್ದರೆ ಆತನ ಸೂಚಿ 10. ಈ ಲೆಕ್ಕದಲ್ಲಿ ಒಂದೇ ಪ್ರಬಂಧ ಬರೆದವನ ಸೂಚಿ, ಅದನ್ನು ಸಾವಿರ ಮಂದಿ ಉಲ್ಲೇಖಿಸಿದರೂ, 1ನ್ನು ದಾಟದು. ಇನ್ನೊಂದು ತೊಡಕೂ ಉಂಟು. ಹೆಸರು ರೋಗಕ್ಕೇ ಅಂಟಿಕೊಂಡ ಮೇಲೆ, 'ಬರ್ಗರನ ರೋಗ' ಎಂದು ಬರೆಯುವ ವೈದ್ಯನು 1908ರ ಮೂಲವನ್ನು ಉಲ್ಲೇಖಿಸುವ ಗೋಜಿಗೆ ಹೋಗಬೇಕಿಲ್ಲ. ಕೀರ್ತಿ ತುಂಬಿದಂತೆ ಎಣಿಕೆ ಸೋರಿಹೋಗುತ್ತದೆ.

ಎಣಿಕೆಗೆ ಸಿಗದ ಫಲವನ್ನು ರೋಗಿಯ ಕಾಲಿನಲ್ಲಿ ನೋಡಬೇಕು. ಈ ರೋಗದಲ್ಲಿ ಮುಚ್ಚುವುದು ಪಾದದ ಬಳಿಯ ಕಿರುನಾಳಗಳಾದುದರಿಂದ, ಬೇರೆ ನಾಳವನ್ನು ಹೊಲಿದು ರಕ್ತಕ್ಕೆ ಬದಲು ಹಾದಿ ಮಾಡಿಕೊಡಲು ಹಲವು ಸಲ ಸ್ಥಳವೇ ದೊರೆಯದು. ಶಸ್ತ್ರವೈದ್ಯನ ಕೈ ಸೋಲುವ ಈ ಎಡೆಯಲ್ಲಿ ನಿಶ್ಚಿತವಾದ ಉಪಾಯ ಒಂದೇ: ಹೊಗೆಸೊಪ್ಪನ್ನು ಪೂರ್ಣವಾಗಿ ಬಿಡುವುದು. ಅಮೆರಿಕದಲ್ಲಿ ಓಲಿನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧೂಮಪಾನ ಬಿಟ್ಟವರ ಪೈಕಿ ಅವಯವ ಕಳೆದುಕೊಂಡವರು 100ಕ್ಕೆ ಐದಾರು ಮಂದಿ. ಬಿಡದವರ ಪೈಕಿ 40ಕ್ಕೂ ಮೇಲ್ಪಟ್ಟು. ಸಿಗರೇಟಿನಂತೆ ಬೀಡಿಗೂ ಈ ರೋಗದೊಡನೆ ನಂಟಿದೆಯೆಂದು 2000ದಲ್ಲಿ ಬಾಂಗ್ಲಾದೇಶದ ರೋಗಿಗಳ ಅಧ್ಯಯನವೂ ತೋರಿಸಿತು. ಎಲೆಯಲ್ಲಿ ಸುತ್ತಿದ್ದು ಸೌಮ್ಯವೆಂಬ ನಮ್ಮ ಕಡೆಯ ಮಾತಿಗೆ ಆಧಾರವಿಲ್ಲ.

ಬೀಡಿ ಸೇದುವ ಹರೆಯದವನಿಗೆ ನಾಲ್ಕು ಹೆಜ್ಜೆ ನಡೆದೊಡನೆ ಅಂಗಾಲಿನ ಕಮಾನು ನೋಯತೊಡಗಿ, ನಿಂತರೆ ಶಮನವಾಗುತ್ತಿದ್ದರೆ ಅದನ್ನು ವಾಯು ಎಂದು ತಳ್ಳಿಹಾಕಬಾರದು. ಕೈಯ ಧಮನಿಗಳನ್ನು ನೋಡಲು ಎಡ್ಗರ್ ಅಲೆನ್ 1929ರಲ್ಲಿ ಈ ರೋಗಕ್ಕಾಗಿಯೇ ವಿವರಿಸಿದ ಪರೀಕ್ಷೆಯೊಂದಿದೆ, ಉಪಕರಣವೇ ಬೇಡ. ಇಂದು ರೂಢಿಯಲ್ಲಿರುವ ಕ್ರಮದಲ್ಲಿ ರೋಗಿ ಮುಷ್ಟಿ ಬಿಗಿಯುತ್ತಾನೆ. ವೈದ್ಯನು ಮಣಿಕಟ್ಟಿನ ಎರಡು ಧಮನಿಗಳನ್ನೂ ಒತ್ತಿಹಿಡಿಯುತ್ತಾನೆ. ಮುಷ್ಟಿ ಬಿಚ್ಚಿದಾಗ ಅಂಗೈ ಬಿಳಿಚಿಕೊಂಡಿರುತ್ತದೆ. ಒಂದು ಧಮನಿಯನ್ನು ಬಿಟ್ಟೊಡನೆ ಕೆಂಪು ಮರಳಿದರೆ ಆ ದಾರಿ ತೆರೆದಿದೆ. ಬಿಳುಪು ಹಾಗೆಯೇ ನಿಂತರೆ ಮುಚ್ಚಿದೆ.