ದೇವರಿಗೂ ಮತ್ಸರವುಂಟೆ?

ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಸುತ್ತ ಕುಳ್ಳಿರಿಸಿಕೊಂಡು ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳೆಂಬ ಆರು ವೈರಿಗಳ ಹೆಸರನ್ನು ಬಾಯಿಪಾಠ ಮಾಡಿಸುವ ಪದ್ಧತಿ ನಮ್ಮ ಕಾಸರಗೋಡು ಸೀಮೆಯ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅಂತಹದೊಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಆರನೆಯ ಹೆಸರಿಗೆ ಬಂದು ತಡೆದಳು.

“ಅಜ್ಜ, ಮತ್ಸರ ಪಾಪವೆಂದಲ್ಲವೆ ನೀವು ಹೇಳುವುದು? ನನ್ನ ಗೆಳತಿಯ ಮನೆಯ ಇಂಗ್ಲಿಷ್ ಬೈಬಲಿನಲ್ಲಿ ದೇವರೇ ತನಗೆ ಮತ್ಸರವುಂಟೆಂದು ಹೇಳಿಕೊಂಡಿದ್ದಾನೆ. ಮನುಷ್ಯರಿಗೆ ಪಾಪವಾದದ್ದು ದೇವರಿಗೆ ಹೇಗೆ ಸಲ್ಲುತ್ತದೆ?”

ಅಂದು ನಮಗೆ ಉತ್ತರ ಹೊಳೆಯಲಿಲ್ಲ. ದೊಡ್ಡವರ ವಿಷಯ ನಿನಗೇಕೆಂದು ಗದರಿಸಿ ಪಾರಾಗಬಹುದಿತ್ತು. ಆದರೆ ಆ ಗೆಳತಿ ನೆರೆಮನೆಯವಳು. ಎರಡು ಮನೆಗಳ ನಡುವೆ ಇರುವುದು ಒಂದು ತೋಡು, ಒಂದು ಕಾಲುಸಂಕ ಮಾತ್ರ. ಯೋಚಿಸದೆ ಕೊಟ್ಟ ಉತ್ತರದಿಂದ ಒಂದು ಮನೆಯವರ ದೇವರನ್ನು ಇನ್ನೊಂದು ಮನೆಯ ಮಗು ಕೀಳಾಗಿ ಕಾಣುವಂತಾದರೆ ಆ ಕಾಲುಸಂಕ ಮುರಿದಂತೆಯೆ. ಆದುದರಿಂದ ಕೆಲವು ದಿನಗಳ ಅವಧಿ ಕೇಳಿಕೊಂಡು ನಮಗೆ ತಿಳಿದ ಗ್ರಂಥಗಳನ್ನು ಮತ್ತೆ ತಿರುವಿ ನೋಡಿದೆವು. ಅಲ್ಲಿ ಕಂಡುದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ದೇವತೆಗಳಿಗೆ ಮತ್ಸರವುಂಟೆಂಬ ಮಾತು ನಮಗೇನೂ ಹೊಸದಲ್ಲ. ಪಾರ್ತಿಸುಬ್ಬನ ನಾಡಿನವರಾದ ನಾವು ಯಕ್ಷಗಾನದಲ್ಲಿಯೂ ತಾಳಮದ್ದಳೆಯಲ್ಲಿಯೂ ದೇವೇಂದ್ರನನ್ನು ಎಷ್ಟು ಸಲ ಕಂಡಿಲ್ಲ! ಯಾರಾದರೂ ತಪಸ್ಸಿಗೆ ಕುಳಿತರೆ ಅವನ ಸಿಂಹಾಸನ ಬಿಸಿಯೇರುತ್ತದೆ. ವಿಶ್ವಾಮಿತ್ರನ ಬಳಿಗೆ ಮೇನಕೆಯನ್ನು ಕಳುಹುತ್ತಾನೆ. ಸಗರನ ಯಜ್ಞಾಶ್ವವನ್ನು ಕದಿಯುತ್ತಾನೆ. ಗೋಕುಲದವರು ತನ್ನ ಪೂಜೆಯನ್ನು ಬಿಟ್ಟು ಗೋವರ್ಧನ ಗಿರಿಯನ್ನು ಪೂಜಿಸಿದರೆಂದು ಏಳು ದಿನ ಮಳೆ ಸುರಿಸಿ, ಕೊನೆಗೆ ಕೃಷ್ಣನ ಮುಂದೆ ತಲೆತಗ್ಗಿಸುತ್ತಾನೆ. ಇಂದ್ರನ ಮತ್ಸರವನ್ನು ನಮ್ಮ ಪುರಾಣಗಳು ಎಲ್ಲಿಯೂ ಸಮರ್ಥಿಸುವುದಿಲ್ಲ. ಅದು ಪದವಿ ಕಳೆದುಕೊಂಡೇನೆಂಬ ಭಯದಿಂದ ಹುಟ್ಟಿದ್ದು; ಇಂದ್ರನಾದರೂ ಆ ದೋಷಕ್ಕೆ ದಂಡ ತೆರಲೇಬೇಕು.

ಪ್ರಾಚೀನ ಗ್ರೀಕರಲ್ಲಿಯೂ ಇಂತಹುದೇ ಒಂದು ನಂಬಿಕೆಯಿತ್ತು. ಕ್ರಿಸ್ತಪೂರ್ವ ಐದನೆಯ ಶತಮಾನದ ಹೆರೊಡೋಟಸನು, ಮಿತಿಮೀರಿದ ಸುಖವನ್ನು ದೇವತೆಗಳು ಸಹಿಸುವುದಿಲ್ಲವೆಂಬ ಮಾತನ್ನು ಸೋಲನನ ಬಾಯಿಂದ ಆಡಿಸಿದ್ದಾನೆ. ಸಾಮೋಸ್ ದ್ವೀಪದ ದೊರೆ ಪಾಲಿಕ್ರಟೀಸನು ದೇವತೆಗಳ ಕಣ್ಣು ತಾಗದಿರಲೆಂದು ತನ್ನ ಪ್ರಿಯವಾದ ಉಂಗುರವನ್ನು ಕಡಲಿಗೆಸೆದನಂತೆ; ಅದು ಮೀನಿನ ಹೊಟ್ಟೆಯೊಳಗೆ ಸೇರಿ ಅವನ ಅಡುಗೆಮನೆಗೇ ಮರಳಿತಂತೆ. ಅವನ ಕೊನೆ ಘೋರವಾಯಿತು. ಈ ಕಲ್ಪನೆಯನ್ನು ಪ್ಲೇಟೊ ಖಂಡಿಸಿದನು. ಸೃಷ್ಟಿಕರ್ತನು ಒಳ್ಳೆಯವನು, ಒಳ್ಳೆಯವನಲ್ಲಿ ಹೊಟ್ಟೆಕಿಚ್ಚಿರದು, ಆದುದರಿಂದಲೇ ಎಲ್ಲವೂ ಆದಷ್ಟು ತನ್ನಂತೆ ಆಗಲೆಂದು ಆತನು ಬಯಸಿದನು ಎಂಬುದು ಅವನ ‘ಟಿಮೇಯಸ್’ ಸಂವಾದದಲ್ಲಿ ಬರುವ ವಿಚಾರ.

ಹಾಗಿದ್ದರೆ ಬೈಬಲಿನ ಮಾತಿನ ಗತಿಯೇನು? ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಹತ್ತು ಆಜ್ಞೆಗಳಿವೆ. ತನ್ನ ಹೊರತು ಬೇರೆ ದೇವರುಗಳು ಬೇಡವೆಂದು ವಿಧಿಸುವಲ್ಲಿ ದೇವರು ತನ್ನನ್ನು ‘ಕನ್ನಾ’ ಎಂಬ ಹೀಬ್ರೂ ಪದದಿಂದ ಕರೆದುಕೊಂಡಿದ್ದಾನೆ. ಇಂಗ್ಲಿಷಿನವರು ಮತ್ಸರವೆಂಬ ಅರ್ಥದಲ್ಲಿ ಅನುವಾದಿಸಿದ ಪದ ಇದೇ. ಸೋಜಿಗವೆಂದರೆ ಅದೇ ಅಧ್ಯಾಯದ ಹತ್ತನೆಯ ಆಜ್ಞೆಯು ನೆರೆಯವನ ಮನೆ, ಮಡದಿ, ಎತ್ತು, ಕತ್ತೆ ಯಾವುದನ್ನೂ ಆಶಿಸಬಾರದೆಂದು ವಿಧಿಸುತ್ತದೆ. ಒಂದೇ ಪುಟದಲ್ಲಿ ಇವೆರಡನ್ನೂ ಬರೆದವರಿಗೆ ವಿರೋಧ ಕಾಣಲಿಲ್ಲವೆಂದರೆ ಅವರು ಅವೆರಡನ್ನು ಒಂದೇ ವಸ್ತುವೆಂದು ಎಣಿಸಿರಲಿಲ್ಲವೆಂದೇ ತಿಳಿಯಬೇಕು.

ಹೀಬ್ರೂ ಭಾಷೆಯಲ್ಲಿ ಈ ಪದದ ಧಾತುವಿಗೆ ಹರವು ಬಹಳ. ಮಕ್ಕಳಿಲ್ಲದ ರಾಹೇಲಳು ಮಕ್ಕಳೊಂದಿಗಳಾದ ಅಕ್ಕನನ್ನು ಕಂಡು ಪಟ್ಟ ಹೊಟ್ಟೆಕಿಚ್ಚಿಗೂ ಅದೇ ಧಾತು. ತಂದೆಯ ಮುದ್ದಿನ ಮಗನಾದ ಯೋಸೇಫನ ಮೇಲೆ ಅಣ್ಣಂದಿರು ತಳೆದ ಅಸೂಯೆಗೂ ಅದೇ. ಒಂದು ಕಾರ್ಯಕ್ಕಾಗಿ ಜೀವ ತೇಯುವವನ ಆವೇಶಕ್ಕೂ ಅದೇ. ಆದರೆ ‘ಕನ್ನಾ’ ಎಂಬ ಗುಣವಾಚಕ ಹೀಬ್ರೂ ಬೈಬಲಿನಲ್ಲಿ ಬರುವುದು ಆರು ಕಡೆ. ಆರೂ ಕಡೆ ಅದು ದೇವರಿಗೆ ಮಾತ್ರ ಸಲ್ಲುತ್ತದೆ, ಮನುಷ್ಯರಿಗೆ ಒಮ್ಮೆಯೂ ಇಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಆ ಗ್ರಂಥವನ್ನು ಗ್ರೀಕಿಗೆ ತಿರುಗಿಸಿದ ಯೆಹೂದ್ಯ ಪಂಡಿತರ ಮುಂದೆ ಎರಡು ಪದಗಳಿದ್ದವು. ಒಂದು ‘ಫ್ತೊನೊಸ್’, ಅಂದರೆ ಪರರ ಏಳಿಗೆಯನ್ನು ಸಹಿಸದ ಹೊಟ್ಟೆಕಿಚ್ಚು. ಇನ್ನೊಂದು ‘ಝೇಲೊಸ್’, ಅಂದರೆ ಒಳಗಿನ ಕಾವು, ಉತ್ಕಟವಾದ ನಿಷ್ಠೆ. ದೇವರ ವಿಷಯದಲ್ಲಿ ಅವರು ಎರಡನೆಯ ಪದವನ್ನೇ ಆರಿಸಿಕೊಂಡರು.

ನಮ್ಮ ಭಾಷೆಯಲ್ಲಿಯೂ ಇಂತಹ ವಿವೇಚನೆಗೆ ಎಡೆಯಿದೆ. ಸಹಿಸದಿರುವಿಕೆ ಈರ್ಷ್ಯೆ, ಗುಣದಲ್ಲಿಯೂ ದೋಷವನ್ನು ಆರೋಪಿಸುವುದು ಅಸೂಯೆ ಎಂದು ಅಮರಕೋಶವು ಭೇದವನ್ನು ಕಾಣಿಸಿದೆ. ಇವೆರಡನ್ನೂ ದಿನಬಳಕೆಯಲ್ಲಿ ಹೊಟ್ಟೆಕಿಚ್ಚೆಂಬ ಒಂದೇ ಚೀಲಕ್ಕೆ ತುಂಬಿದವರು ನಾವು. ನೆರೆಯವನ ತೋಟದಲ್ಲಿ ಅಡಿಕೆ ಚೆನ್ನಾಗಿ ಹಿಡಿಯಿತೆಂದು ಸಂಕಟಪಡುವವನಿಗೆ ಬೇಕಾದುದು ಪರರದು. ಹದಿಹರೆಯದ ಮಗ ಕುಡುಕರ ಸಹವಾಸಕ್ಕೆ ಬಿದ್ದಾನೆಂದು ರಾತ್ರಿ ನಿದ್ದೆಗೆಟ್ಟು ಬಾಗಿಲಲ್ಲಿ ಕಾಯುವ ತಾಯಿಗೂ ಒಳಗೆ ಬೆಂಕಿಯೆ. ಆದರೆ ಆಕೆಗೆ ಆ ಕುಡುಕರ ಬಳಿ ಇರುವ ಯಾವುದೂ ಬೇಡ. ಮಗ ಹಾಳಾಗದಿದ್ದರೆ ಸಾಕು. ಈ ಎರಡು ಉರಿಗಳಿಗೂ ಒಂದೇ ಹೆಸರಿಟ್ಟರೆ ತಪ್ಪು ಹೆಸರಿನದು, ತಾಯಿಯದಲ್ಲ.

ಹತ್ತು ಆಜ್ಞೆಗಳು ಆರಂಭವಾಗುವುದು ಐಗುಪ್ತದ ದಾಸ್ಯದಿಂದ ಜನರನ್ನು ಬಿಡಿಸಿ ತಂದ ನೆನಪಿನಿಂದ. ಆ ಜನ ಸೇರಲಿದ್ದ ಸೀಮೆಯಲ್ಲಿ ಹೆತ್ತ ಮಕ್ಕಳನ್ನೇ ಬೆಂಕಿಗೆ ಆಹುತಿ ಕೊಡುವ ಆರಾಧನೆಗಳಿದ್ದುವೆಂದು ಆ ಗ್ರಂಥವೇ ಹೇಳುತ್ತದೆ. ದಾಸ್ಯದಿಂದ ಬಿಡಿಸಿದವನು, ಬಿಡುಗಡೆಯಾದವರು ಮತ್ತೊಂದು ದಾಸ್ಯಕ್ಕೆ ಕೊರಳೊಡ್ಡುವುದನ್ನು ಕಂಡು ತಣ್ಣಗೆ ಕುಳಿತಿದ್ದರೆ ಅದನ್ನು ಪ್ರೀತಿಯೆನ್ನಲಾದೀತೆ? ಇಂದ್ರನಿಗಿದ್ದುದು ತನ್ನ ಸಿಂಹಾಸನದ ಚಿಂತೆ. ಇಲ್ಲಿರುವುದು ಎದುರಾಳಿಯ ಭಯವಲ್ಲ, ತನ್ನವರು ಕೆಟ್ಟಾರೆಂಬ ಕಳವಳ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ನಾವು ಭಾವಿಸುವುದಿಲ್ಲ. ಅನ್ಯದೇವತೆಗಳನ್ನು ಶ್ರದ್ಧೆಯಿಂದ ಪೂಜಿಸುವವರೂ, ವಿಧಿ ತಪ್ಪಿಯಾದರೂ, ತನ್ನನ್ನೇ ಪೂಜಿಸುತ್ತಾರೆಂದು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣನು ಹೇಳುತ್ತಾನೆ. ಈ ನೋಟ ಬೇರೆ, ಮೋಶೆಯ ನೋಟ ಬೇರೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಬೇಕಾಗಿಲ್ಲ. ಆದರೂ ಏಕನಿಷ್ಠೆಯ ಮಾತು ನಮಗೆ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಶರಣರು ಲಿಂಗವೇ ಪತಿ, ಶರಣನೇ ಸತಿ ಎಂಬ ಭಾವದಿಂದ ಬಾಳಿದರು. ಅಲ್ಲಿ ಅನ್ಯವನ್ನು ಒಲ್ಲೆನೆಂಬ ಹಟ ಭಕ್ತನದು. ಅದೇ ದಾಂಪತ್ಯದ ಉಪಮೆಯನ್ನು ಕ್ರಿಸ್ತಪೂರ್ವ ಎಂಟನೆಯ ಶತಮಾನದ ಪ್ರವಾದಿ ಹೋಶೇಯನು ದೇವರ ಕಡೆಯಿಂದ ಹೇಳಿದನು. ಅವನ ಗ್ರಂಥದಲ್ಲಿ ಇಸ್ರಾಯೇಲ್ ಜನಾಂಗ ಮನೆ ಬಿಟ್ಟುಹೋದ ಮಡದಿ. ದೇವರು ನೊಂದ ಪತಿ. ಹನ್ನೊಂದನೆಯ ಅಧ್ಯಾಯದಲ್ಲಿ ಉಪಮೆ ಬದಲಾಗಿ, ದೇವರು ಮಗುವಿಗೆ ನಡೆಯಲು ಕಲಿಸಿದ ತಂದೆಯಾಗುತ್ತಾನೆ. ತಿರುಗಿಬಿದ್ದ ಮಗನ ಮೇಲೆ ಕೋಪ ಉಕ್ಕಿದಾಗ ಒಳಗಿನ ಕನಿಕರವೂ ಉಕ್ಕಿ, ತಾನು ದೇವರೇ ಹೊರತು ಮನುಷ್ಯನಲ್ಲ, ಆದುದರಿಂದ ನಾಶಮಾಡಲಾರೆನೆಂದು ತನ್ನ ಕೈಯನ್ನು ತಾನೇ ತಡೆಯುತ್ತಾನೆ.

ಈ ಸಮಸ್ಯೆಯ ಬೀಗದ ಕೈ ಇಲ್ಲಿದೆಯೆಂದು ನಮ್ಮ ಅಭಿಮತ. ಮನುಷ್ಯನನ್ನು ಮತ್ಸರವು ಆಳುತ್ತದೆ. ದೇವರನ್ನು ಅದು ಆಳುವುದಿಲ್ಲ. ಹನ್ನೆರಡನೆಯ ಶತಮಾನದ ಯೆಹೂದ್ಯ ತತ್ತ್ವಜ್ಞಾನಿ ಮೈಮೊನಿಡೀಸನು, ಕೋಪ, ಕರುಣೆ ಮೊದಲಾದ ಪದಗಳು ದೇವರ ಕಾರ್ಯಗಳಿಗೆ ಇಟ್ಟ ಹೆಸರುಗಳೇ ಹೊರತು ಆತನಲ್ಲಿ ನಮ್ಮಂತೆ ವಿಕಾರಗಳು ಏಳುತ್ತವೆಂದಲ್ಲ ಎಂದು ವಾದಿಸಿದನು.

ದೇವರ ಹೆಸರಿನಲ್ಲಿ ಮನುಷ್ಯನು ಈ ಉರಿಯನ್ನು ಹೊತ್ತಾಗ ಏನಾಗುತ್ತದೆಂಬುದಕ್ಕೂ ಅದೇ ಗ್ರಂಥದಲ್ಲಿ ಎಚ್ಚರಿಕೆಗಳಿವೆ. ಎಲ್ದಾದ್, ಮೇದಾದ್ ಎಂಬಿಬ್ಬರು ಪಾಳೆಯದೊಳಗೆ ಪ್ರವಾದಿಸಲಾರಂಭಿಸಿದಾಗ ಯೆಹೋಶುವನು ಅವರನ್ನು ತಡೆಯಬೇಕೆಂದು ಮೋಶೆಯನ್ನು ಕೇಳಿಕೊಂಡನು. ನನ್ನ ಸಲುವಾಗಿ ನಿನಗೆ ಹೊಟ್ಟೆಕಿಚ್ಚೆ, ಜನರೆಲ್ಲರೂ ಪ್ರವಾದಿಗಳಾದರೆ ಒಳಿತಲ್ಲವೆ ಎಂದು ಮೋಶೆ ಅವನನ್ನು ತಿದ್ದಿದನು. ಬಾಳನ ಪ್ರವಾದಿಗಳನ್ನು ಕೊಲ್ಲಿಸಿ ಬಂದ ಎಲೀಯನು ದೇವರಿಗಾಗಿ ಉರಿದೆನೆಂದು ಹೋರೇಬ್ ಬೆಟ್ಟದಲ್ಲಿ ಹೇಳಿಕೊಂಡಾಗ, ದೇವರು ಬಿರುಗಾಳಿಯಲ್ಲಿರಲಿಲ್ಲ, ಭೂಕಂಪದಲ್ಲಿರಲಿಲ್ಲ, ಬೆಂಕಿಯಲ್ಲಿಯೂ ಇರಲಿಲ್ಲ. ಅವೆಲ್ಲ ಕಳೆದ ಮೇಲೆ ಒಂದು ಮೆಲುದನಿ ಕೇಳಿಸಿತು. ಆವೇಶಕ್ಕಾಗಿ ಹೊಗಳಿಸಿಕೊಂಡವರೂ ಆ ಗ್ರಂಥದಲ್ಲಿ ಇದ್ದಾರೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೂ ಪ್ರೀತಿಗೆ ಹೊಟ್ಟೆಕಿಚ್ಚಿಲ್ಲವೆಂದು ಕೊರಿಂಥದವರಿಗೆ ಬರೆದ ಪೌಲನೇ, ಅವರಿಗಾಗಿ ತನ್ನೊಳಗೆ ದೇವರ ಉರಿಯೇ ಉರಿಯುತ್ತಿದೆಯೆಂದು ಅದೇ ಜನರಿಗೆ ಬರೆದ ಇನ್ನೊಂದು ಪತ್ರದಲ್ಲಿ ಅದೇ ಗ್ರೀಕ್ ಪದವನ್ನು ಬಳಸಿದ್ದಾನೆ. ಪದ ಒಂದೇ, ಮೊದಲನೆಯದು ತನಗಾಗಿ ಉರಿಯುವುದು, ಎರಡನೆಯದು ಅವರಿಗಾಗಿ.

ಇದು ಪಂಡಿತರ ಚರ್ಚೆಯೆಂದು ಕೈಬಿಡುವಂತಿಲ್ಲ. ಮಡದಿ ಯಾರೊಡನೆ ನಕ್ಕಳು, ಎಲ್ಲಿಗೆ ಹೋದಳು ಎಂದು ಲೆಕ್ಕವಿಡುವ ಗಂಡನು ತನ್ನ ಸಂಶಯಕ್ಕೆ ಪ್ರೀತಿಯ ಹೆಸರಿಡುತ್ತಾನೆ. ಸೊಸೆ ಬಂದ ಮೇಲೆ ಮಗ ತನ್ನವನಾಗಿ ಉಳಿಯಲಿಲ್ಲವೆಂದು ಕೊರಗುವ ಅತ್ತೆಯೂ ಅದನ್ನೇ ಮಾಡುತ್ತಾಳೆ. ಇವರಾರೂ ದೇವರ ನಿದರ್ಶನವನ್ನು ತಮ್ಮ ಸಮರ್ಥನೆಗೆ ಎಳೆದುಕೊಳ್ಳುವಂತಿಲ್ಲ. ದೇವರ ಆ ಉರಿ ದಾಸ್ಯದಿಂದ ಬಿಡಿಸಿತು. ಇವರದು ಮನೆಯೊಳಗೆ ಇನ್ನೊಂದು ದಾಸ್ಯವನ್ನು ಕಟ್ಟುತ್ತದೆ.

ಗಡಿನಾಡಿನ ನಮಗೆ ಇನ್ನೂ ಒಂದು ಪರೀಕ್ಷೆಯಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದರೂ ಅದು ಕಾರ್ಯಗತವಾಗಲಿಲ್ಲ. ಅಂದಿನಿಂದ ನಮ್ಮೊಳಗೆ ಒಂದು ಉರಿ ಉಳಿದಿದೆ. ಮಕ್ಕಳಿಗೆ ಕನ್ನಡ ಕಲಿಸುವ, ಕನ್ನಡ ಶಾಲೆಯ ಬಾಗಿಲು ಮುಚ್ಚದಂತೆ ಕಾಯುವ ಆ ಉರಿ ಆರಬಾರದು. ಆದರೆ ಮಲಯಾಳ ಮಾತಾಡುವ ನೆರೆಯವನ ಮಗುವಿನ ಏಳಿಗೆಯನ್ನು ಕಂಡು ಕರುಬತೊಡಗಿದ ದಿನ, ಅಭಿಮಾನವು ಅರಿಷಡ್ವರ್ಗದ ಆರನೆಯ ವೈರಿಯಾಗಿ ಮಾರ್ಪಟ್ಟಿತೆಂದೇ ತಿಳಿಯಬೇಕು. ಕನ್ನಡವನ್ನು ಉಳಿಸಿಕೊಂಡೇ ಯೇಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಕಾವ್ಯವನ್ನು ಬರೆದ ಮಂಜೇಶ್ವರದ ಗೋವಿಂದ ಪೈಗಳು ನಮ್ಮವರೇ ಅಲ್ಲವೆ?

ಕೆಲವು ದಿನ ಕಳೆದು ಮೊಮ್ಮಗಳನ್ನು ಕರೆದು ಹೇಳಿದೆವು: “ಮಗೂ, ಇನ್ನೊಬ್ಬರದು ತನಗೆ ಬೇಕೆಂದು ಉರಿಯುವುದು ಪಾಪ. ತನ್ನವರು ಕೆಡಬಾರದೆಂದು ಉರಿಯುವುದು ಪ್ರೀತಿ. ನಿನ್ನ ಗೆಳತಿಯ ಗ್ರಂಥ ದೇವರಲ್ಲಿ ಕಂಡದ್ದು ಎರಡನೆಯದನ್ನು. ನಮ್ಮಲ್ಲಿ ಎರಡೂ ಕಲಸಿಕೊಂಡಿರುತ್ತವೆ. ಬೇರ್ಪಡಿಸಿಕೊಳ್ಳುವುದೇ ನಮ್ಮ ಕೆಲಸ.”

ಅವಳು ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಅವಳಿಗೂ ಹೇಳಿ ಬರುತ್ತೇನೆ” ಎಂದು ಕಾಲುಸಂಕ ದಾಟಿ ಹೋದಳು.