ಬಾಣ ಅಡ್ಡದಾರಿ ಹಿಡಿದರೆ



ಬಿಟ್ಟ ಬಾಣ ನೇರ ಹೋಗದೆ ಬಾಲ ಆಡಿಸಿಕೊಂಡು ಹೋದರೆ, ನೋಡುವವರು ಹೇಳುವ ಮಾತು ಒಂದೇ: “ಹುಡುಗನ ಕೈ ಸರಿಯಿಲ್ಲ.” ಈ ಮಾತು ಕೇಳಿ ಕೇಳಿ ಬಿಲ್ಲನ್ನು ಅಟ್ಟಕ್ಕೆ ಏರಿಸಿಬಿಟ್ಟ ಮಕ್ಕಳು ಇದ್ದಾರೆ. ಆದರೆ ಎಷ್ಟೋ ಸಲ ತಪ್ಪು ಕೈಯದಲ್ಲ, ಕೋಲಿನದು. ಅದನ್ನು ಪತ್ತೆ ಹಚ್ಚುವ ಬಗೆಯನ್ನು ಇಂದು ನೋಡೋಣ.

ವಯನಾಡಿನ ಕೇಳುಗರಿಗೆ ಬಿಲ್ವಿದ್ಯೆ ಹೊಸದೇನಲ್ಲ. ನಮ್ಮ ಬಿಲ್ಲು ನೆರೆಯವರ ಬಾಯಲ್ಲಿ ‘ವಿಲ್ಲ್’, ನಮ್ಮ ಹೆದೆ ಅವರಿಗೆ ‘ಞಾಣ್’. ಅಂಬು ಮಾತ್ರ ಇಬ್ಬರಿಗೂ ಅಂಬೇ. 1802ರಲ್ಲಿ ಪಳಶ್ಶಿ ರಾಜನ ಪರವಾಗಿ ಪನಮರಂ ಕೋಟೆಯನ್ನು ಇಂಗ್ಲಿಷರಿಂದ ಕಿತ್ತುಕೊಂಡ ತಲಕ್ಕಲ್ ಚಂದುವಿನ ಕುರಿಚ್ಯ ಪಡೆಗೆ ಬಿಲ್ಲುಬಾಣವೇ ಬಲ.

ಮೊದಲು ಒಂದು ಸೋಜಿಗ ಕೇಳಿ. ಬಾಣವಿರುವುದು ಬಿಲ್ಲಿನ ಪಕ್ಕದಲ್ಲಿ. ಹೆದೆ ನೂಕುವುದು ಬಿಲ್ಲಿನ ನಡುವಿನ ಕಡೆಗೆ. ಹಾಗಾದರೆ ಬಾಣ ನೇರ ಹೋಗುವುದು ಹೇಗೆ? ಅದು ಮೀನಿನಂತೆ ಬಳುಕಿ, ಬಿಲ್ಲನ್ನು ಬಳಸಿಕೊಂಡು ಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಿಂದ ಇದನ್ನು ತೋರಿಸಿದರು. ಬಿಲ್ಲಿನ ಬಲಕ್ಕೆ ತಕ್ಕಷ್ಟು ಬಳುಕುವ ಕೋಲು ಬೇಕೆನ್ನುವುದು ಇದಕ್ಕೇ.

ಈಗ ಪರೀಕ್ಷೆ. ಬಾಣಗಳಿಗೆಲ್ಲ ಬಣ್ಣದಲ್ಲಿ ನಂಬರು ಹಾಕಿ, ಹತ್ತಾರು ಸಲ ಹೊಡೆದು, ಬಿದ್ದ ಜಾಗ ಬರೆದಿಡಿ. ಒಂದೇ ನಂಬರು ಪ್ರತಿ ಸಲ ತಪ್ಪಿದರೆ ದೋಷ ಆ ಬಾಣದ್ದು. ಎಲ್ಲವೂ ಒಂದೇ ಕಡೆ ವಾಲಿದರೆ ಬಿಲ್ಲಿಗೂ ಕೋಲಿಗೂ ಹೊಂದಿಕೆಯಿಲ್ಲ, ಇಲ್ಲವೇ ಗುರಿ ಹಿಡಿಯುವುದು ವಾರೆ. ಎಲ್ಲವೂ ಕಂಡಕಂಡಲ್ಲಿ ಚೆದುರಿದರೆ ಆಗ ಕೈಯನ್ನು ನೋಡಿ.

ದೋಷವಿರುವ ಬಾಣವನ್ನು ಎರಡು ತುದಿ ಹಿಡಿದು, ಮುಖದಿಂದ ದೂರವಿಟ್ಟು ಮೆಲ್ಲಗೆ ಬಗ್ಗಿಸಿ. ‘ಚಿಟ್’ ಎಂದರೆ, ಸೀಳು ಕಂಡರೆ, ಅದನ್ನು ಅಲ್ಲೇ ಮುರಿದು ಹಾಕಿ. ಆಸೆ ಬೇಡ. ಸೀಳಿದ ಬಾಣ ಹೆದೆ ಬಿಟ್ಟೊಡನೆ ಒಡೆದು ಬಿಲ್ಲು ಹಿಡಿದ ಕೈಗೇ ಹೊಕ್ಕೀತು. ಸೀಳಿಲ್ಲದಿದ್ದರೆ ಮಟ್ಟಸ ಹಲಗೆಯ ಅಂಚಿಗೆ ಗರಿ ಹೊರಚಾಚುವಂತೆ ಇಟ್ಟು ಉರುಳಿಸಿ. ಕುಪ್ಪಳಿಸಿದರೆ ಕೋಲು ಡೊಂಕು. ಬಿದಿರಾದರೆ ಕೆಂಡದ ಕಾವಿಗೆ ಕಪ್ಪಾಗದಂತೆ ಹಿಡಿದು, ನೇರ ಮಾಡಿ, ಆರುವವರೆಗೆ ಹಾಗೇ ಹಿಡಿದಿರಿ.

ಆಮೇಲೆ ಗರಿ. ಒಂದು ಬಾಣದ ಗರಿಗಳೆಲ್ಲ ಹಕ್ಕಿಯ ಒಂದೇ ಪಕ್ಕದ ರೆಕ್ಕೆಯವಾಗಿರಬೇಕು. ಎಡ ಬಲ ಬೆರೆತರೆ ಒಂದು ಗರಿ ಹೀಗೆ ತಿರುಗಿಸಿದರೆ ಇನ್ನೊಂದು ಹಾಗೆ ತಿರುಗಿಸುತ್ತದೆ.

ಇನ್ನು ಹೊಂದಿಕೆಯ ವಿಷಯ. ಒಂದೇ ತೂಕ, ಒಂದೇ ಉದ್ದದ ಬಾಣಗಳಲ್ಲಿ ಒಂದರ ಗರಿ ತೆಗೆದು, ಹತ್ತು ಹೆಜ್ಜೆಯಿಂದ ಹುಲ್ಲಿನ ಕಟ್ಟಿಗೆ ಹೊಡೆಯಿರಿ. ಹಿಂದೆ ಯಾರೂ ಇರಕೂಡದು. ಬಲಗೈಯ ಬೆರಳುಗಳಿಂದ ಹೆದೆ ಎಳೆದು, ಬಾಣವನ್ನು ಬಿಲ್ಲಿನ ಎಡಕ್ಕೆ ಇಡುವವರ ಲೆಕ್ಕ ಇದು: ಬೋಳು ಬಾಣ ಗರಿಯ ಬಾಣಕ್ಕಿಂತ ಎಡಕ್ಕೆ ಬಿದ್ದರೆ ಕೋಲು ಬಿಗಿ, ತುಸು ತೂಕದ ತುದಿ ಹಾಕಿ. ಬಲಕ್ಕೆ ಬಿದ್ದರೆ ಕೋಲು ಸಡಿಲ. ತುದಿಯ ತೂಕ ಇಳಿಸಿ ಅಥವಾ ಕೋಲನ್ನು ಸ್ವಲ್ಪ ಗಿಡ್ಡ ಮಾಡಿ. ಆದರೆ ಪೂರ್ತಿ ಎಳೆದಾಗ ತುದಿ ಬಿಲ್ಲಿನ ಹಿಂದಕ್ಕೆ ಬರುವಷ್ಟು ಗಿಡ್ಡ ಮಾಡಿದರೆ ಕೈಗೆ ಅಪಾಯ. ಬೋಳು ಬಾಣ ಕೆಳಗೆ ಬಿದ್ದರೆ ಹೆದೆಯಲ್ಲಿ ಬಾಣ ಕಚ್ಚಿಸುವ ಜಾಗ ಮೇಲಾಗಿದೆ, ಮೇಲೆ ಬಿದ್ದರೆ ಕೆಳಗಾಗಿದೆ. ಸರಿಯಾದ ಜಾಗ ಸಿಕ್ಕ ಮೇಲೆ ಅಲ್ಲಿ ದಾರ ಸುತ್ತಿ ಗುರುತು ಮಾಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಾಗ ನಾವು ಒಂದೊಂದೇ ಕಲಮಿಗೆ ಟಿಕ್ ಹಾಕುತ್ತ ಬರುತ್ತಿದ್ದೆವು. ಎರಡು ಕಡೆ ಒಟ್ಟಿಗೆ ತಿದ್ದಿದರೆ ವ್ಯತ್ಯಾಸ ಎಲ್ಲಿತ್ತೆಂದೇ ತಿಳಿಯದು.

ಇಷ್ಟಾದ ಮೇಲೂ ಚೆದುರಿದರೆ ಕೈಯ ಸರದಿ. ಹೆದೆಯನ್ನು ಕಿತ್ತಂತೆ ಬಿಡದೆ ಬೆರಳು ಸಡಿಲಿಸಿ. ಬಾಣ ನಾಟುವವರೆಗೂ ಬಿಲ್ಲಿನ ಕೈ ಇಳಿಸಬೇಡಿ.

ಇದೆಲ್ಲ ಗುರಿಹಲಗೆಯ ಆಟಕ್ಕೆ ಮಾತ್ರ. ಕಾಡುಪ್ರಾಣಿಗಳ ಬೇಟೆ 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ.

ಮುಂದಿನ ಸಲ ನಿಮ್ಮೂರ ಹುಡುಗನ ಬಾಣ ಅಡ್ಡ ಹೋದರೆ ಅವನನ್ನು ಬೈಯುವ ಮೊದಲು ಬಾಣದ ನಂಬರು ಕೇಳಿ.